ಪ್ಲಗ್ ಕಿತ್ತರೂ ಕರೆಂಟು ಇರುತ್ತೆ



ಶ್ರವಣಬೆಳಗೊಳದ ಎರಡು ಬೆಟ್ಟಗಳ ನಡುವೆ ಕಲ್ಯಾಣಿ ಇದೆ. ಮಳೆ ನಿಂತ ಮೇಲೂ ಅದರಲ್ಲಿ ನೀರು ನಿಂತಿರುತ್ತೆ. ನಿಮ್ಮೂರ ಕೆರೆಯಲ್ಲೂ ಅಷ್ಟೆ. ಹಾಗೇ, ಪ್ಲಗ್ ಕಿತ್ತ ಮೇಲೂ ಕೆಲವು ಯಂತ್ರಗಳಲ್ಲಿ ಕರೆಂಟು ನಿಂತಿರುತ್ತೆ.

ಎಲ್ಲಿ ನಿಂತಿರುತ್ತೆ? ಕೆಪಾಸಿಟರ್ ಎಂಬ ಸಣ್ಣ ಡಬ್ಬಿಯಲ್ಲಿ. ಇದನ್ನೇ ಕಂಡೆನ್ಸರ್ ಅಂತಲೂ ಕರೀತಾರೆ. ಫ್ಯಾನಿನಲ್ಲಿ ಇದು ಇದೆ. ನೀರೆತ್ತುವ ಮೋಟಾರಿಗೂ ಇದೆ. ಕಂಪ್ಯೂಟರಿನಲ್ಲೂ ಇದೆ.

ಈಗ ಎಷ್ಟೋ ಮನೆಗಳಿಗೆ ಕಂಪ್ಯೂಟರ್ ಬಂದಿದೆ. ಕೆಟ್ಟರೆ ಮಕ್ಕಳು, "ನಾನೇ ಬಿಚ್ಚಿ ನೋಡ್ತೀನಮ್ಮ" ಅಂತಾರೆ. ಕಂಪ್ಯೂಟರ್ ಡಬ್ಬದ ಒಳಗೆ, ಕರೆಂಟಿನ ವೈರು ಸಿಕ್ಕಿಸುವ ಕಡೆ, ಒಂದು ತಗಡಿನ ಪೆಟ್ಟಿಗೆ ಇದೆ. ಅದೇ ಪವರ್ ಸಪ್ಲೈ. ಅಂಗಡಿಯವರು ಎಸ್.ಎಂ.ಪಿ.ಎಸ್. ಅಂತಾರೆ. ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟ್. ಈ ಪೆಟ್ಟಿಗೆಯ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ತುಂಬಿರುತ್ತೆ!

ತುಂಬಿದ್ದು ಇಳಿಯೋದು ಹೇಗೆ? ಕೆರೆಗೆ ತೂಬು ಇದ್ದ ಹಾಗೆ, ಇದಕ್ಕೆ ರೆಸಿಸ್ಟರ್ ಇರುತ್ತೆ. ಅದು ಕರೆಂಟನ್ನು ಮೆಲ್ಲಗೆ ಇಳಿಸುತ್ತೆ. ಆದರೆ ಕೆಟ್ಟ ಪೆಟ್ಟಿಗೆಯಲ್ಲಿ ಈ ತೂಬೂ ಕೆಟ್ಟಿರಬಹುದು. ಆಗ ಕರೆಂಟು ಬಹಳ ಹೊತ್ತು ಒಳಗೇ ಉಳಿಯುತ್ತೆ. ಮುಟ್ಟಿದರೆ ಹೊಡೆಯುತ್ತೆ. ಜೀವಕ್ಕೂ ಅಪಾಯ.

ಕೆಲಸ ಬಲ್ಲ ಮೆಕ್ಯಾನಿಕ್ ಏನು ಮಾಡ್ತಾರೆ?

ಮೊದಲು ಪ್ಲಗ್ ಕೀಳ್ತಾರೆ. ಹತ್ತು ನಿಮಿಷವಾದರೂ ಕಾಯ್ತಾರೆ. ಪೆಟ್ಟಿಗೆ ಬಿಚ್ಚಿದರೂ ಒಳಗೆ ಕೈ ಹಾಕಲ್ಲ. ಮೀಟರಿನ ಕಡ್ಡಿ ಇಟ್ಟು ನೋಡ್ತಾರೆ. ಕರೆಂಟು ಉಳಿದಿದ್ದರೆ, ಪ್ಲಾಸ್ಟಿಕ್ ಹಿಡಿಯ ವೈರಿಗೆ ಕಟ್ಟಿದ ರೆಸಿಸ್ಟರ್ ತಾಗಿಸಿ ಇಳಿಸ್ತಾರೆ. ಮತ್ತೆ ಮೀಟರ್ ಇಡ್ತಾರೆ. ಸೊನ್ನೆ ಬಂದ ಮೇಲೇ ಕೈ ಹಾಕೋದು.

ಕೆಲವರು ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸ್ತಾರೆ. ಅದು ತೂಬು ಬಿಟ್ಟು ಕೆರೆ ಏರಿಯನ್ನೇ ಒಡೆದ ಹಾಗೆ. ಕರೆಂಟೆಲ್ಲ ಒಂದೇ ಸಲ ನುಗ್ಗುತ್ತೆ. ಕಿಡಿ ಹಾರುತ್ತೆ. ಕೈ ಸುಡಬಹುದು. ಸಾಮಾನೂ ಹಾಳಾಗಬಹುದು.

ನಾವು ಏನು ಮಾಡಬೇಕು?

ಈ ಪೆಟ್ಟಿಗೆಯನ್ನು ನಾವು ಬಿಚ್ಚಬಾರದು. ಮಕ್ಕಳಿಗೂ ಬಿಚ್ಚಲು ಬಿಡಬಾರದು. ಧೂಳು ಒರೆಸುವಾಗ ಪ್ಲಗ್ ಕಿತ್ತು, ಒಣ ಬಟ್ಟೆಯಿಂದ ಹೊರಗಡೆ ಮಾತ್ರ ಒರೆಸಬೇಕು. ಮೆಕ್ಯಾನಿಕ್ ಬಂದರೆ ಕೇಳಿ: "ಮೀಟರ್ ಇಟ್ಟು ನೋಡಿದ್ರಾ ಅಣ್ಣ?" ಕೇಳೋದಕ್ಕೆ ಸಂಕೋಚ ಬೇಡ.

ಯಾರಿಗಾದರೂ ಕರೆಂಟು ಹೊಡೆದರೆ ಓಡಿಹೋಗಿ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಕೂಡಲೇ 108ಕ್ಕೆ ಫೋನ್ ಮಾಡಿ.

ನೆನಪಿಡಿ: ಸ್ವಿಚ್ ಆರಿಸಿದ ಮಾತ್ರಕ್ಕೆ ಕರೆಂಟು ಹೋಯ್ತು ಅಂತ ತಿಳಿಯಬೇಡಿ.