ಟ್ರಾಕ್ಟರಿನ ಬ್ರೇಕು ಮತ್ತು ಅದರ ತಪಾಸಣೆ

ಗಾಡಿ ಹೂಡುವ ಮೊದಲು ಕಡಾಣಿಯನ್ನೂ ಅಚ್ಚನ್ನೂ ನೋಡಿಕೊಳ್ಳುವ ವಾಡಿಕೆಯು ಬೇಸಾಯಗಾರರಲ್ಲಿ ಪೂರ್ವದಿಂದಲೂ ಇರುವುದು. ಆದರೆ ಟ್ರಾಕ್ಟರಿನ ಬ್ರೇಕನ್ನು ಅದೇ ಎಚ್ಚರಿಕೆಯಿಂದ ನೋಡುವವರು ವಿರಳ. ಹೊಲದಲ್ಲಿ ಮಣ್ಣೇ ಯಂತ್ರವನ್ನು ತಡೆಯುವುದರಿಂದ ಬ್ರೇಕಿನ ಕುಂದು ಅಲ್ಲಿ ಗೋಚರವಾಗದು. ಕಬ್ಬು ತುಂಬಿದ ಟ್ರೈಲರನ್ನೆಳೆದುಕೊಂಡು ರಸ್ತೆಯ ಇಳಿಜಾರಿಗೆ ಬಂದಾಗಲೇ ಅದು ತಿಳಿಯುವುದು; ಆಗ ತಿದ್ದಿಕೊಳ್ಳಲು ಅವಕಾಶವಿರುವುದಿಲ್ಲ.

ತಿರುಗುವ ಭಾಗವನ್ನು ಲೈನಿಂಗು ಒತ್ತಿಹಿಡಿದು, ಘರ್ಷಣೆಯಿಂದ ಚಲನೆಯನ್ನು ಶಾಖವನ್ನಾಗಿ ಮಾಡುವುದೇ ಬ್ರೇಕಿನ ಕೆಲಸ. ಆದಕಾರಣ ಲೈನಿಂಗು ಸವೆಯುವುದು ಸಹಜ. ಸವೆದುದನ್ನು ಬದಲಾಯಿಸದಿರುವುದೇ ದೋಷ. ರಿವೆಟ್ಟು ಹೊರಬಿದ್ದು ಲೋಹಕ್ಕೆ ಲೋಹ ಉಜ್ಜಿದರೆ ಹಿಡಿತ ತಗ್ಗುವುದಲ್ಲದೆ ಡ್ರಮ್ಮೂ ಕೆಡುವುದು. ಒಣ ಬ್ರೇಕಿಗೆ ಕೆಸರುನೀರಾಗಲಿ ಸೋರಿದ ಎಣ್ಣೆಯಾಗಲಿ ಸೇರಿದರೂ ಹಿಡಿತ ಕುಂದುವುದು. ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳ ಸವೆತವು ಹೊರಗೆ ಕಾಣದು. ಪೆಡಲು ವಾಡಿಕೆಗಿಂತ ಕೆಳಗಿಳಿಯುವುದೇ ಅದರ ಸೂಚನೆ.

ವೇಗವು ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರವು ಸುಮಾರು ನಾಲ್ಮಡಿಯಾಗುವುದು. ಟ್ರೈಲರಿಗೆ ಬ್ರೇಕಿಲ್ಲದಿದ್ದರೆ ಅದರ ಭಾರವೆಲ್ಲವೂ ಟ್ರಾಕ್ಟರನ್ನು ಹಿಂದಿನಿಂದ ನೂಕುವುದು.

ತಪಾಸಣೆಯ ಕ್ರಮವು ಸುಲಭವಾದುದು. ಎಡಬಲ ಪೆಡಲುಗಳೆರಡರ ಸಡಿಲವೂ ಸಮವಾಗಿರಬೇಕು ಮತ್ತು ಕೈಪಿಡಿಯಲ್ಲಿ ಹೇಳಿದ ಅಳತೆಯಲ್ಲಿರಬೇಕು. ಹೊಲದಲ್ಲಿ ತಿರುಗಿಸುವುದಕ್ಕಾಗಿ ಬೇರ್ಪಡಿಸಿದ ಪೆಡಲುಗಳನ್ನು ರಸ್ತೆಗೆ ಬರುವ ಮೊದಲು ಕೊಂಡಿಯಿಂದ ಜೋಡಿಸತಕ್ಕದ್ದು. ಇಲ್ಲವಾದರೆ ಒಂದೇ ಚಕ್ರ ಹಿಡಿದು ಯಂತ್ರವು ಮಗುಚಬಹುದು. ಸಮತಟ್ಟಾದ ಬಯಲಿನಲ್ಲಿ, ಟ್ರೈಲರನ್ನು ಬಿಚ್ಚಿ, ನಿಧಾನವಾಗಿ ನಡೆಸುತ್ತ ಬ್ರೇಕು ಒತ್ತಿದರೆ ಯಂತ್ರವು ನೇರವಾಗಿ ನಿಲ್ಲಬೇಕು. ಪಕ್ಕಕ್ಕೆ ಎಳೆದರೆ ಕೂಡಲೇ ಮೆಕ್ಯಾನಿಕನಿಗೆ ತೋರಿಸತಕ್ಕದ್ದು. ಇಳಿಜಾರಿನಲ್ಲಿ ಚಿಕ್ಕ ಗೇರಿನಲ್ಲೇ ಇಳಿಯಬೇಕು. ಕ್ಲಚ್ಚನ್ನು ಒತ್ತಿಯಾಗಲಿ ಗೇರನ್ನು ತಪ್ಪಿಸಿಯಾಗಲಿ ಇಳಿಯಲೇಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಅದರ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು.

1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಸಾರಿಗೆಯಲ್ಲದ ವಾಹನಗಳ ನೋಂದಣಿಯು ಸಾಮಾನ್ಯವಾಗಿ 15 ವರ್ಷ ಚಾಲ್ತಿಯಲ್ಲಿರುವುದು. 1989ರ ನಿಯಮಗಳು ಬೇಸಾಯದ ಟ್ರಾಕ್ಟರನ್ನು ಈ ವರ್ಗಕ್ಕೆ ಸೇರಿಸಿವೆ. ನವೀಕರಣದ ಕಾಲದಲ್ಲಿ ವಾಹನವನ್ನು ಪರೀಕ್ಷೆಗೆ ಒಡ್ಡಬೇಕಾಗುವುದು. ಆದರೆ ಲೈನಿಂಗಿನ ಸವೆತವು ಅಷ್ಟು ಕಾಲ ಕಾಯುವುದಿಲ್ಲ. ಆದ್ದರಿಂದ ಕಬ್ಬಿನ ಕಟಾವಿಗೆ ಮೊದಲು ಗ್ರಾಮದ ಮುಖಂಡರು ಒಂದು ದಿನವನ್ನು ಗೊತ್ತುಮಾಡಿ, ಊರಿನ ಟ್ರಾಕ್ಟರುಗಳನ್ನೂ ಟ್ರೈಲರುಗಳನ್ನೂ ಒಂದೆಡೆ ಸೇರಿಸಿ, ಅನುಭವಸ್ಥ ಮೆಕ್ಯಾನಿಕನಿಂದ ನೋಡಿಸುವುದು ಯುಕ್ತ. ಇದಕ್ಕೆ ತಗಲುವ ಖರ್ಚು ಅಲ್ಪ. ಯಂತ್ರ ನಡೆಸುವ ಆಳಿನ ಪ್ರಾಣವೂ, ಎದುರಿಗೆ ಬರುವ ಶಾಲೆಯ ಮಕ್ಕಳ ಪ್ರಾಣವೂ ಅದನ್ನೇ ಅವಲಂಬಿಸಿರುವುವೆಂಬುದನ್ನು ಜಮೀನುದಾರರು ಮರೆಯಬಾರದು.