ಗುಲಾಬಿ ನೀರು, ಬಿಳಿ ಉಪ್ಪು

ಸೆನೆಗಲ್ ದೇಶದ ರಾಜಧಾನಿ ಡಕಾರ್‌ನಿಂದ ಈಶಾನ್ಯಕ್ಕೆ 30 ಚಿಲ್ಲರೆ ಕಿ.ಮೀ. ದೂರ ಸಾಗಿದರೆ, ಅಟ್ಲಾಂಟಿಕ್ ಸಾಗರದ ಮಗ್ಗುಲಲ್ಲೇ ಒಂದು ಸರೋವರವಿದೆ. ವೊಲೊಫ್ ಭಾಷಿಕರಿಗೆ ಅದು ರೆಟ್ಬಾ. ಪ್ರವಾಸಿಗರಿಗೆ ಗೊತ್ತಿರುವ ಫ್ರೆಂಚ್ ಹೆಸರು ಲಾಕ್ ರೋಸ್. ಸುಮಾರು 3 ಚದರ ಕಿ.ಮೀ. ವಿಸ್ತಾರದ ಈ ನೀರು ಬೇಸಗೆಯ ನಡುಹಗಲಲ್ಲಿ ಅಚ್ಚ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬೆಳಗಿನ ಜಾವ ಹೋದವರಿಗೆ ಮಂಕು ಬೂದು ನೀರಷ್ಟೇ ಕಂಡು ನಿರಾಸೆಯಾಗಬಹುದು. ಸೂರ್ಯ ನೆತ್ತಿಗೇರಬೇಕು, ಗಾಳಿ ಸ್ವಲ್ಪ ಬೀಸಬೇಕು, ಆಗ ಬಣ್ಣ ಮೇಲೇಳುತ್ತದೆ.

ಈ ಬಣ್ಣ ಮಣ್ಣಿನದೂ ಅಲ್ಲ, ಆಕಾಶದ ಪ್ರತಿಬಿಂಬವೂ ಅಲ್ಲ. ಅತಿ ಉಪ್ಪಿನ ನೀರಿನಲ್ಲಷ್ಟೇ ಹಾಯಾಗಿ ಬದುಕುವ ಡುನಾಲಿಯೆಲ್ಲಾ ಸಲೈನಾ ಎಂಬ ಸೂಕ್ಷ್ಮ ಪಾಚಿಯೇ ಇದಕ್ಕೆ ಕಾರಣ. ಹುಟ್ಟಿನಿಂದ ಅದು ಹಸಿರು ಜಾತಿಯದೇ. ಆದರೆ ಉಪ್ಪು ಹೆಚ್ಚಿ ಬಿಸಿಲು ಸುಡತೊಡಗಿದಾಗ ತನ್ನ ರಕ್ಷಣೆಗಾಗಿ ಜೀವಕೋಶದೊಳಗೆ ಬೀಟಾ ಕ್ಯಾರೋಟಿನ್ ತುಂಬಿಕೊಳ್ಳುತ್ತದೆ. ಗಜ್ಜರಿಗೆ ಬಣ್ಣ ಕೊಡುವುದೂ ಇದೇ ವಸ್ತು. ಉಪ್ಪು ನೀರನ್ನು ಹೀರಿ ಕೋಶ ಬತ್ತಿಹೋಗದಂತೆ ಒಳಗೆ ಗ್ಲಿಸರಾಲ್ ಕೂಡ ತಯಾರಿಸಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಜೀವಿಯೊಂದು ಬದುಕಲು ಪಡುವ ಪಾಡು ನಮ್ಮ ಕಣ್ಣಿಗೆ ಇಷ್ಟು ಚೆಲುವಾಗಿ ಕಾಣುತ್ತದೆ ಎನ್ನುವುದು ನನಗಂತೂ ಬೆರಗಿನ ಸಂಗತಿ.

ಬಣ್ಣ ನೋಡಲು ಹೋದವರು ದಡದಲ್ಲಿ ನಿಂತು ಫೋಟೊ ತೆಗೆದು ಮರಳಿಬಿಟ್ಟರೆ ಈ ಜಾಗದ ಅರ್ಧವನ್ನೂ ನೋಡಿದಂತಾಗುವುದಿಲ್ಲ. ನೋಡಬೇಕಾದದ್ದು ನೀರಿನೊಳಗೆ ನಡೆಯುವ ದುಡಿಮೆಯನ್ನು. ಇಲ್ಲಿನ ಉಪ್ಪು ಸರೋವರದ ತಳದಲ್ಲೇ ಹೆಪ್ಪುಗಟ್ಟುತ್ತದೆ. ಅದನ್ನು ಕೈಯಾರೆ ಒಡೆದು ತೆಗೆಯಬೇಕು.

ನೀರಿಗಿಳಿಯುವ ಮುನ್ನ ಕೆಲಸಗಾರ ಮೈಗೆಲ್ಲ ಶಿಯಾ ಬೆಣ್ಣೆ ಬಳಿದುಕೊಳ್ಳುತ್ತಾನೆ. ಪಶ್ಚಿಮ ಆಫ್ರಿಕಾದ ಹುಲ್ಲುಗಾವಲುಗಳಲ್ಲಿ ಬೆಳೆಯುವ ಮರವೊಂದರ ಬೀಜದಿಂದ ತೆಗೆದ ಗಟ್ಟಿ ಕೊಬ್ಬು ಅದು. ಕೈ, ತೋಳು, ಕುತ್ತಿಗೆ, ಬೆರಳ ಸಂದಿ, ಎಲ್ಲೂ ಬಿಡುವಂತಿಲ್ಲ. ಬಿಟ್ಟ ಜಾಗದಲ್ಲಿ ಚರ್ಮ ಒಡೆಯುತ್ತದೆ, ಸಣ್ಣ ಗೀರಿದ್ದರೂ ಉರಿ ಹತ್ತಿಕೊಳ್ಳುತ್ತದೆ. ಆಮೇಲೆ ಉದ್ದನೆಯ ಕಿರಿದಾದ ದೋಣಿಯನ್ನು ಸರೋವರದ ನಡುವಿಗೆ ಒಯ್ದು ಎದೆಮಟ್ಟದ ನೀರಿನಲ್ಲಿ ಇಳಿಯುತ್ತಾನೆ. ತಳ ಕಾಣುವುದಿಲ್ಲ, ಪಾದಕ್ಕೆ ಸಿಗುವ ಗಡಸಿನಿಂದಲೇ ಹೆಪ್ಪನ್ನು ಗುರುತಿಸಬೇಕು. ಕೋಲಿನಿಂದ ಕುಟ್ಟಿ ಕುಟ್ಟಿ ಹೆಪ್ಪು ಒಡೆದು, ಗೋರಿ ಬುಟ್ಟಿಗೆ ತುಂಬಿ, ನೀರು ಬಸಿದು ದೋಣಿಗೆ ಸುರಿಯುತ್ತಾನೆ. ದೋಣಿಯ ಅಂಚು ನೀರಿಗೆ ತಾಗುವವರೆಗೂ ಇದೇ ಕೆಲಸ. ಗಂಟೆಗಟ್ಟಲೆ ನೀರಿನಲ್ಲೇ ನಿಂತಿರಬೇಕು.

ದೋಣಿ ದಡಕ್ಕೆ ಬಂದ ಮೇಲಿನ ಕೆಲಸ ಹೆಂಗಸರದು. ಒದ್ದೆ ಉಪ್ಪನ್ನು ಬೇಸಿನ್‌ಗೆ ತುಂಬಿ, ತಲೆಯ ಮೇಲೆ ಹೊತ್ತು ರಾಶಿಗೆ ಸುರಿಯುತ್ತಾರೆ. ಕೂಲಿ ಲೆಕ್ಕ ಬೇಸಿನ್‌ಗೆ ಇಷ್ಟು ಎಂದು. ಮೇಲೆ ಬಂದಾಗ ಬೂದು ಬಣ್ಣವಿದ್ದ ಉಪ್ಪು ಬಿಸಿಲಿಗೆ ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ. ದಡದುದ್ದಕ್ಕೂ ನಿಂತ ರಾಶಿಗಳಿಗೆ ಒಬ್ಬೊಬ್ಬ ಒಡೆಯನ ಗುರುತು. ದುಡಿಯುವವರಲ್ಲಿ ಮಾಲಿ, ಗಿನಿಯಂಥ ನೆರೆದೇಶಗಳಿಂದ ವಲಸೆ ಬಂದವರೂ ಬಹಳ. ಉಪ್ಪಿನ ಬಹುಪಾಲು ಮೀನು ಕೆಡದಂತೆ ಇಡಲು ಬಳಕೆಯಾಗುತ್ತದೆ. ಮೀನು ಮತ್ತು ಅನ್ನದ ಚೆಬುಜೆನ್ ಸೆನೆಗಲ್‌ನ ಮನೆಮನೆಯ ಊಟ, 2021ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೋಡಿದವರಿಗೆ ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ. ಅಲ್ಲಿ ಮನುಷ್ಯ ಉಬ್ಬರದ ನೀರನ್ನು ಪಾತಿಗೆ ತಂದು ಬಿಸಿಲಿಗೆ ಬತ್ತಿಸುತ್ತಾನೆ. ಇಲ್ಲಿ ಪಾತಿ ಕಟ್ಟಿದ್ದು ನಿಸರ್ಗ. ಒಂದು ಕಾಲಕ್ಕೆ ಕಡಲಿಗೆ ತೆರೆದಿದ್ದ ಹಿನ್ನೀರನ್ನು ಮರಳದಿಬ್ಬಗಳು ಮುಚ್ಚಿದವು. ಸರೋವರದ ಮಟ್ಟ ಸಮುದ್ರಕ್ಕಿಂತ ಕೆಳಗಿರುವುದರಿಂದ ದಿಬ್ಬದಡಿಯಿಂದ ಕಡಲ ನೀರು ಜಿನುಗುತ್ತಲೇ ಇರುತ್ತದೆ, ಬಿಸಿಲು ಅದನ್ನು ಆವಿಯಾಗಿಸುತ್ತಲೇ ಇರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿದ್ದರೆ ಇಲ್ಲಿ ಬೇಸಗೆಯಲ್ಲಿ ಅದರ ಹತ್ತು ಪಟ್ಟು. ಮೈ ತಾನಾಗಿ ತೇಲುತ್ತದೆ. 1970ರ ದಶಕದ ಬರಗಾಲದಲ್ಲಿ ನೀರು ಇನ್ನಷ್ಟು ಉಪ್ಪಾದ ಮೇಲೆ ಈ ಕಸುಬು ಬೆಳೆಯಿತು. ಹೊರಜಗತ್ತಿಗೆ ಸರೋವರದ ಹೆಸರು ಗೊತ್ತಾದದ್ದು ಇಲ್ಲಿ ಕೊನೆಗೊಳ್ಳುತ್ತಿದ್ದ ಪ್ಯಾರಿಸ್–ಡಕಾರ್ ಮೋಟಾರು ರ‍್ಯಾಲಿಯಿಂದ. 2008ರಲ್ಲಿ ರ‍್ಯಾಲಿ ರದ್ದಾಗಿ ಮರುವರ್ಷ ದಕ್ಷಿಣ ಅಮೆರಿಕಕ್ಕೆ ಹೋಯಿತು.

ದೊಡ್ಡ ಪೆಟ್ಟು ಬಿದ್ದದ್ದು 2022ರಲ್ಲಿ. ಭಾರಿ ಮಳೆಗೆ ಡಕಾರ್‌ನ ಉಪನಗರಗಳು ಮುಳುಗಿದವು, ನೆರೆನೀರನ್ನು ಸರೋವರಕ್ಕೆ ಹರಿಸಲಾಯಿತು. ಮಟ್ಟ ಏರಿತು, ಉಪ್ಪು ತೆಳುವಾಯಿತು, ಗುಲಾಬಿ ಮಾಯವಾಯಿತು. ಉಪ್ಪು ತೆಗೆಯುವುದೂ ಆಗ ನಿಂತಿತ್ತು. ಉಪನಗರಗಳ ನೆರೆ ಖಾಲಿ ಮಾಡಿಸುವುದು ಅನಿವಾರ್ಯವೇ. ಆದರೆ ಅದರ ಬೆಲೆ ತೆತ್ತವರು ದಿನಗೂಲಿಯವರು ಎಂಬುದನ್ನು ಮರೆಯಲಾಗದು. ನಮ್ಮ ಪಕ್ಕದ ಮಹಾರಾಷ್ಟ್ರದ ಲೋಣಾರ್ ಸರೋವರ 2020ರ ಜೂನ್‌ನಲ್ಲಿ ಕೆಂಪಡರಿದ್ದು ಇದಕ್ಕೆ ತದ್ವಿರುದ್ಧ ಕಾರಣದಿಂದ: ನೀರು ತಗ್ಗಿ ಉಪ್ಪು ಹೆಚ್ಚಿದಾಗ ಉಪ್ಪುಪ್ರಿಯ ಸೂಕ್ಷ್ಮಜೀವಿಗಳು ವಿಪರೀತ ಬೆಳೆದವು.

ರೆಟ್ಬಾಗೆ ಹೋಗುವವರು ನವೆಂಬರ್‌ನಿಂದ ಜೂನ್‌ವರೆಗಿನ ಒಣ ಹವೆಯನ್ನು ಆರಿಸಿಕೊಳ್ಳಬೇಕು. ಆ ವರ್ಷ ಬಣ್ಣ ಹೇಗಿದೆಯೆಂದು ಡಕಾರ್‌ನಲ್ಲೇ ವಿಚಾರಿಸಿ ಹೊರಡುವುದು ಲೇಸು. ಈಜಿದರೆ ಮೈಮೇಲೆ ಉಪ್ಪು ಒಣಗಿ ಕಚ್ಚುವ ಮೊದಲೇ ಸಿಹಿನೀರಿನಲ್ಲಿ ತೊಳೆದುಕೊಳ್ಳಬೇಕು. ದುಡಿಯುವವರ ಫೋಟೊ ತೆಗೆಯುವ ಮುನ್ನ ಅವರ ಒಪ್ಪಿಗೆ ಕೇಳಿ. ಉಪ್ಪು ಕೊಳ್ಳುವುದಿದ್ದರೆ ರಾಶಿಯ ಒಡೆಯರಿಂದಲೇ ನೇರವಾಗಿ ಕೊಳ್ಳಿ.