ವೇಷ ಕಟ್ಟಿದ ಕಂಪ್ಯೂಟರ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಪಾತ್ರ ಮಾಡುವುದೆಂದರೇನು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಗಲೆಲ್ಲ ಹೊಲದಲ್ಲಿ ದುಡಿದವನು ರಾತ್ರಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಬಯಲಾಟದ ಅಟ್ಟ ಹತ್ತಿದನೆಂದರೆ ದುರ್ಯೋಧನನೇ. ಸಾರಥಿ ಎದುರು ಬಂದು ತಾವು ಯಾರು, ಯಾವ ದೇಶದ ಅರಸರು ಎಂದು ವಿಚಾರಿಸುತ್ತಾನೆ. ಪಾತ್ರಧಾರಿ ತನ್ನ ಬಿರುದು ಬಾವಲಿಯನ್ನೆಲ್ಲ ಒಪ್ಪಿಸುತ್ತಾನೆ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಕರಿ ಕಂಬಳಿಯ ಗೊರವಯ್ಯಗಳು ಮೈಲಾರಲಿಂಗನ ನಾಯಿಗಳಾಗಿ ಬೊಗಳುವುದೂ ಇದೇ ಬಳಗದ್ದು. ತಾನಲ್ಲದ ಇನ್ನೊಬ್ಬನಾಗುವ ಈ ಹಂಬಲ ಕಂಪ್ಯೂಟರಿಗೆ ಅಂಟಿ ಈಗ ಐವತ್ತು ವರ್ಷ. ಗೇಮ್ ಆಡುವ ಹುಡುಗರು ಅದನ್ನು ಆರ್‌ಪಿಜಿ ಎನ್ನುತ್ತಾರೆ, ಅಂದರೆ ರೋಲ್ ಪ್ಲೇಯಿಂಗ್ ಗೇಮ್.

ಬೀಜ ಬಿದ್ದದ್ದು ಕಂಪ್ಯೂಟರಿನಲ್ಲಲ್ಲ, ಮೇಜಿನ ಮೇಲೆ. ಅಮೆರಿಕದ ಮಿನ್ನೆಸೋಟದಲ್ಲಿ ಪುಟ್ಟ ಬೊಂಬೆಗಳನ್ನು ಜೋಡಿಸಿ ಹಳೆಯ ಯುದ್ಧಗಳನ್ನು ಆಡುವ ಹವ್ಯಾಸಿಗಳ ಕೂಟವಿತ್ತು. 1969ರಲ್ಲಿ ಡೇವಿಡ್ ವೆಸ್ಲಿ ಎಂಬುವರು ಅಲ್ಲೊಂದು ತರಲೆ ಮಾಡಿದರು. ಎಲ್ಲರಿಗೂ ದಂಡು ಹಂಚುವ ಬದಲು ಒಬ್ಬನನ್ನು ಮೇಯರ್, ಒಬ್ಬನನ್ನು ಬ್ಯಾಂಕಿನವ, ಮತ್ತೊಬ್ಬನನ್ನು ವಿಶ್ವವಿದ್ಯಾಲಯದ ಕುಲಪತಿ ಮಾಡಿ ಕೂರಿಸಿದರು. ಯುದ್ಧ ಬದಿಗುಳಿಯಿತು, ಆಟಗಾರರು ತಮ್ಮತಮ್ಮಲ್ಲೇ ಮಾತಿಗೆ, ಮಸಲತ್ತಿಗೆ ಇಳಿದರು. ಆಟ ಕೆಟ್ಟಿತೆಂದು ವೆಸ್ಲಿ ಕೈಚೆಲ್ಲಿದರೆ, ಆಡಿದವರು ಇನ್ನೊಂದು ಆಗಲಿ ಎಂದು ಗಂಟುಬಿದ್ದರು. ಅದೇ ಕೂಟದ ಡೇವ್ ಆರ್ನೆಸನ್ ಈ ಎಳೆಯನ್ನು ಮಾಂತ್ರಿಕರು, ರಾಕ್ಷಸರು, ನೆಲಮಾಳಿಗೆಗಳ ಲೋಕಕ್ಕೆ ಒಯ್ದರು. ವಿಸ್ಕಾನ್ಸಿನ್‌ನ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಹೊರತಂದಾಗ ಅಚ್ಚಾದದ್ದು 1,000 ಪ್ರತಿ. ಕಥೆ ನಡೆಸಲು ಭಾಗವತನಂಥ ಒಬ್ಬ, ಸೋಲು ಗೆಲುವಿಗೆ ದಾಳ, ಪಾತ್ರದ ಬಲ ಬುದ್ಧಿಗಳನ್ನು ಅಂಕಿಯಲ್ಲಿ ಬರೆದಿಟ್ಟ ಒಂದು ಹಾಳೆ. ಆಟದ ಸಾಮಗ್ರಿ ಹೆಚ್ಚುಕಡಿಮೆ ಇಷ್ಟೇ.

ಅಂಕಿ ಎಂದ ಮೇಲೆ ಕಂಪ್ಯೂಟರ್ ದೂರವಿರುವುದುಂಟೇ? ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲೆಂದು ಕಟ್ಟಿದ ‘ಪ್ಲೇಟೊ’ ಎಂಬ ವ್ಯವಸ್ಥೆಯಿತ್ತು. ದೂರದೂರದ ಟರ್ಮಿನಲ್‌ಗಳೆಲ್ಲ ಒಂದೇ ದೊಡ್ಡ ಕಂಪ್ಯೂಟರಿಗೆ ಜೋಡಿಸಿದಂಥವು, ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಪ್ಲಾಸ್ಮಾ ಪರದೆಯವು. ಅಲ್ಲಿ ಜನಸಂಖ್ಯೆ ಮತ್ತು ಇಂಧನದ ಅಧ್ಯಯನ ತಂಡಕ್ಕೆ ಕೊಟ್ಟಿದ್ದ ಕಡತಗಳಲ್ಲಿ ಕೆಲವು ಖಾಲಿ ಬಿದ್ದಿದ್ದವು. ತಂಡದ ರಸ್ಟಿ ರುದರ್‌ಫರ್ಡ್ 1975ರಲ್ಲಿ ಐದನೆಯದರಲ್ಲಿ ಒಂದು ನೆಲಮಾಳಿಗೆ ಕಟ್ಟಿದರು. ಕಡತದ ಹೆಸರೇ ಆಟದ ಹೆಸರಾಯಿತು: ‘ಪಿಎಡಿಟ್5’. ಒಳಗೆ ಕೋಣೆಗಳು, ಭೂತಗಳು, ನಿಧಿ. ಆಡುವವರು ಮುಗಿಬಿದ್ದ ಕೂಡಲೇ ಮೇಲ್ವಿಚಾರಕರ ಕಣ್ಣಿಗೂ ಬಿತ್ತು, ಅಳಿಸಿದರು. ಯಾರೋ ಉಳಿಸಿಕೊಂಡಿದ್ದ ಪ್ರತಿ ಮತ್ತೆ ತಲೆ ಎತ್ತಿತು. ಗ್ಯಾರಿ ವಿಸೆನ್‌ಹಂಟ್ ಮತ್ತು ರೇ ವುಡ್ ಅದೇ ಪ್ಲೇಟೊದಲ್ಲಿ ಬರೆದ ‘ಡಿಎನ್‌ಡಿ’ಯಲ್ಲಿ ಕೊನೆಗೊಂದು ಚಿನ್ನದ ಡ್ರ್ಯಾಗನ್ ನಿಧಿ ಕಾಯುತ್ತಾ ಕೂತಿತ್ತು. ಇಂದಿನ ಆಟಗಳಲ್ಲಿ ಕಡೆಗೆ ಎದುರಾಗುವ ‘ಬಾಸ್’ನ ಮುತ್ತಜ್ಜ ಅದು. ಸರ್ಕಾರದ ದುಡ್ಡಿನ ಯಂತ್ರದಲ್ಲಿ, ಮೇಲಿನವರ ಕಣ್ಣು ತಪ್ಪಿಸಿ ಈ ಕಲೆ ಬೆಳೆಯಿತೆಂಬುದನ್ನು ಅದರ ಅಭಿಮಾನಿಗಳು ಈಗಲೂ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ.

ಮಾರಾಟಕ್ಕೆ ಬಂದದ್ದು ಮನೆಗಳಿಗೆ ಕಂಪ್ಯೂಟರ್ ಬಂದ ಮೇಲೆ. ಟೆಕ್ಸಾಸ್‌ನ ರಿಚರ್ಡ್ ಗ್ಯಾರಿಯಟ್ ಹೈಸ್ಕೂಲಿನಲ್ಲಿದ್ದಾಗಲೇ ಶಾಲೆಯ ಟೆಲಿಟೈಪಿನಲ್ಲಿ ಒಂದರ ಮೇಲೊಂದು ಆಟ ಬರೆದವರು. ಅವೇ ತಿದ್ದಿಸಿಕೊಂಡು 1979ರಲ್ಲಿ ಆ್ಯಪಲ್ 2 ಕಂಪ್ಯೂಟರಿನ ‘ಅಕಲಬೆತ್’ ಆದವು. ಬೇಸಿಗೆ ರಜೆಯಲ್ಲಿ ಕೆಲಸಕ್ಕಿದ್ದ ಅಂಗಡಿಯಲ್ಲೇ ಫ್ಲಾಪಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮಾರಿದರು. ಒಂದು ಪ್ರತಿ ಕ್ಯಾಲಿಫೋರ್ನಿಯಾದ ಪ್ರಕಾಶಕರ ಕೈಗೆ ಸಿಕ್ಕಿತು. ಆಮೇಲೆ 1981ರಲ್ಲಿ ‘ಅಲ್ಟಿಮಾ’. ತಂದೆ ಓವೆನ್ ಗ್ಯಾರಿಯಟ್ 1973ರಲ್ಲಿ ಸ್ಕೈಲ್ಯಾಬಿನಲ್ಲಿದ್ದ ಗಗನಯಾತ್ರಿ. ಮಗ ಆಟದಿಂದ ಗಳಿಸಿದ ದುಡ್ಡಿನಲ್ಲೇ 2008ರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದದ್ದು ಬೇರೆಯದೇ ಪ್ರಸಂಗ.

ಅದೇ ಹೊತ್ತಿಗೆ ಇನ್ನೆರಡು ಕವಲು ಒಡೆದವು. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳಾದ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ‘ರೋಗ್’ ಬರೆದರು. ಚಿತ್ರವೇ ಇಲ್ಲ, ಅಕ್ಷರಗಳೇ ರಾಕ್ಷಸರು. ಪ್ರತಿ ಸಲವೂ ನೆಲಮಾಳಿಗೆ ಹೊಸದಾಗಿ ಹುಟ್ಟುತ್ತದೆ, ಸತ್ತರೆ ಮೊದಲಿಂದ ಶುರು. 1981ರ ‘ವಿಝರ್ಡ್ರಿ’ ಕಾರ್ನೆಲ್ ವಿಶ್ವವಿದ್ಯಾಲಯದ ಆ್ಯಂಡ್ರೂ ಗ್ರೀನ್‌ಬರ್ಗ್, ರಾಬರ್ಟ್ ವುಡ್‌ಹೆಡ್ ಅವರದು. ಆರು ಮಂದಿಯ ತಂಡ ಕಟ್ಟಿಕೊಂಡು ಇಳಿಯಬೇಕು. ಜಪಾನಿನ ಯೂಜಿ ಹೋರಿಯಿ ಇಂಥ ಆಟಗಳನ್ನು ಆಡಿ ಕರಗತ ಮಾಡಿಕೊಂಡು, ಅಲ್ಟಿಮಾದ ನಕ್ಷೆ ಮತ್ತು ವಿಝರ್ಡ್ರಿಯ ಕಾದಾಟ ಎರಡನ್ನೂ ಬೆಸೆದು 1986ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಮಾಡಿದರು. ಆಟ ಎಲ್ಲಿಗೆ ನಿಂತಿತೆಂದು ಉಳಿಸಿಡುವ ಸೌಕರ್ಯ ಆ ಕಾರ್ಟ್ರಿಡ್ಜಿನಲ್ಲಿರಲಿಲ್ಲ. ಪರದೆಯಲ್ಲಿ ಬಂದ ಉದ್ದನೆಯ ಮಂತ್ರವೊಂದನ್ನು ಜಪಾನಿನ ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಒಂದಕ್ಷರ ತಪ್ಪಿದರೆ ಆಡಿದ್ದೆಲ್ಲ ನೀರುಪಾಲು.

ಇಷ್ಟೆಲ್ಲ ಆದರೂ ಪಾತ್ರವೆಂಬುದು ಇನ್ನೂ ಅಂಕಿಗಳ ಗಂಟು. ಬಲ ಇಷ್ಟು, ಪ್ರಾಣ ಇಷ್ಟು, ಕೊಂದಷ್ಟೂ ಲೆವೆಲ್ ಮೇಲೆ. ಸಾರಥಿ ಕೇಳುವಂಥ ಪ್ರಶ್ನೆಯನ್ನು ಕಂಪ್ಯೂಟರ್ ಕೇಳಿದ್ದು 1985ರಲ್ಲಿ, ಗ್ಯಾರಿಯಟ್ ಅವರದೇ ‘ಅಲ್ಟಿಮಾ 4’ರಲ್ಲಿ. ಹಿಂದಿನ ಆಟಗಳಲ್ಲಿ ಗೆಲ್ಲಲೆಂದು ಜನ ಅಂಗಡಿ ದೋಚುವುದು, ಹಳ್ಳಿಗರನ್ನು ಕೊಲ್ಲುವುದು ಅವರ ಗಮನಕ್ಕೆ ಬಂದಿತ್ತು. ಹಾಗಾಗಿ ಈ ಸಲ ಕೊಲ್ಲಲೇಬೇಕಾದ ಖಳನಾಯಕನನ್ನೇ ಇಡಲಿಲ್ಲ. ಆಟ ಶುರುವಾಗುವುದೇ ಅಲೆಮಾರಿ ಹೆಂಗಸೊಬ್ಬಳ ಪ್ರಶ್ನೆಗಳಿಂದ: ದಯೆ ಮತ್ತು ನ್ಯಾಯ ಎದುರುಬದುರಾದರೆ ಯಾವ ಕಡೆ? ಸರಿ ಉತ್ತರ ಎಂಬುದಿಲ್ಲ. ಹೇಳಿದ್ದನ್ನು ನೋಡಿ ಪಾತ್ರ ನಿರ್ಧಾರವಾಗುತ್ತದೆ. ಊರೊಂದರಲ್ಲಿ ಕಣ್ಣು ಕಾಣದ ಗಿಡಮೂಲಿಕೆ ವ್ಯಾಪಾರಿ ಇದ್ದಾಳೆ. ಎಷ್ಟು ಕಾಸು ಕೊಟ್ಟೆನೆಂದು ಎಣಿಸಿ ಇಡುವವನು ಆಟಗಾರನೇ. ಕಡಿಮೆ ಇಟ್ಟರೂ ಆಕೆ ಏನನ್ನೂ ಅನ್ನುವುದಿಲ್ಲ, ಆಟ ಮಾತ್ರ ಒಳಗೊಳಗೇ ಲೆಕ್ಕ ಬರೆದುಕೊಳ್ಳುತ್ತದೆ. ಎಂಟು ಸದ್ಗುಣಗಳನ್ನು ದಕ್ಕಿಸಿಕೊಂಡವನಿಗೆ ಸಿಗುವ ಪದವಿಯ ಹೆಸರು ‘ಅವತಾರ್’. ಅದು ಹೋದದ್ದು ನಮ್ಮ ಪುರಾಣಗಳ ಕಡೆಯಿಂದಲೇ. ತಂತ್ರಜ್ಞಾನದಲ್ಲಿ ಇದಕ್ಕಿಂತ ಮುಂದಿದ್ದ ಆಟಗಳು ಬಂದಿರಬಹುದು, ಆದರೆ ಆರಂಭದ ಆರ್‌ಪಿಜಿಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಉಳಿಸಬೇಕಾದ್ದು ಇದನ್ನೇ. 1997ರ ‘ಫಾಲ್‌ಔಟ್’, 1999ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’, 2019ರ ‘ಡಿಸ್ಕೊ ಎಲಿಸಿಯಂ’ ಎಲ್ಲವೂ ಆಟಗಾರನ ನಡತೆಯನ್ನು ಲೆಕ್ಕಕ್ಕೆ ಹಿಡಿದ ಇದೇ ದಾರಿಯವು.

ಲೋಕವೆಲ್ಲ ಹಬ್ಬಿದ್ದು ಮಾತ್ರ ಅಂಕಿಗಳ ಭಾಗ. ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಮೊಬೈಲ್ ಹಿಡಿದು ಗುಂಡು ಹಾರಿಸುವ ಹುಡುಗನ ಆಟದಲ್ಲೂ ಲೆವೆಲ್ ಏರುವುದು, ಅಂಕ ಕೂಡುವುದು ಗೈಗ್ಯಾಕ್ಸ್ ಮತ್ತು ಆರ್ನೆಸನ್ ಬಿಟ್ಟುಹೋದ ಆಸ್ತಿ. ಮಧ್ಯದ ಹಂತ ನಮ್ಮ ಕಡೆಗೆ ಬಂದದ್ದು ಕಡಿಮೆ. 1990ರ ದಶಕದಲ್ಲಿ ಟಿವಿಗೆ ಜೋಡಿಸುವ ಅಗ್ಗದ ವಿಡಿಯೊ ಗೇಮ್‌ಗಳು ಪೇಟೆಗೆ ಬಂದಾಗ ಜನ ಆಡಿದ್ದು ಮಾರಿಯೊ ಮತ್ತು ಕಾಂಟ್ರಾ. ಪುಟಗಟ್ಟಲೆ ಇಂಗ್ಲಿಷ್ ಓದಿ, ವಾರಗಟ್ಟಲೆ ಮುಂದುವರಿಸಬೇಕಾದ ಆಟಕ್ಕೆ ಯಾರು ಕೂರುತ್ತಾರೆ?

ಭಾರತದ್ದೇ ಆರ್‌ಪಿಜಿ ಇಲ್ಲವೆಂದಲ್ಲ. ಪೈರೊಡ್ಯಾಕ್ಟಿಲ್ ತಂಡದ ‘ಅನ್‌ರೆಸ್ಟ್’ 2014ರಲ್ಲಿ ಬಂತು. ಪ್ರಾಚೀನ ಭಾರತವನ್ನು ಹೋಲುವ, ಕ್ಷಾಮ ಬಿದ್ದ ನಗರವೊಂದರ ಕಥೆ ಅದು. ಬೇಡದ ಮದುವೆಯಿಂದ ತಪ್ಪಿಸಿಕೊಳ್ಳಲು ಹೆಣಗುವ ಹಳ್ಳಿಯ ಹುಡುಗಿ ಅದರ ಪಾತ್ರಗಳಲ್ಲೊಂದು. ಕತ್ತಿಗಿಂತ ಮಾತಿಗೇ ಹೆಚ್ಚು ಕೆಲಸ. ಬರ ಕಂಡ ಕೂಡ್ಲಿಗಿಯವರಿಗೆ ಈ ಕಥೆ ಹೊಸದೆನಿಸದು. ಹೈದರಾಬಾದಿನ ಓಗರ್ ಹೆಡ್ ಸ್ಟುಡಿಯೊದ ‘ಅಸುರ’ (2017) ರೋಗ್‌ನ ವಂಶದ್ದು. ಬೆಂಗಳೂರಿನಲ್ಲಿ 1997ರಲ್ಲೇ ರಾಜೇಶ್ ರಾವ್ ‘ಧ್ರುವ ಇಂಟರ‍್ಯಾಕ್ಟಿವ್’ ಕಟ್ಟಿದ್ದರು. ಆ ಸಂಸ್ಥೆ ಹೆಸರು ಮಾಡಿದ್ದು ಹೊರದೇಶದ ಆಟಗಳಿಗೆ ಚಿತ್ರಕಲೆ ಮಾಡಿಕೊಟ್ಟು. 2019ರಲ್ಲಿ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡಿತು. ಹೊಯ್ಸಳರ ಶಿಲ್ಪವನ್ನು ದೊಡ್ಡ ಆಟವೊಂದಕ್ಕೆ ತಂದದ್ದು ಕೂಡ ಅಮೆರಿಕದವರು, 2017ರ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ಯಲ್ಲಿ.

ಕನ್ನಡದಲ್ಲಿ ಇಂಥ ಆಟ ಕಟ್ಟಹೊರಟವರಿಗೆ ಕಥೆಗಿಂತ ಮೊದಲು ಕಾಡುವುದು ಅಕ್ಷರ. ಆರ್‌ಪಿಜಿಯಲ್ಲಿ ಅರ್ಧ ಕೆಲಸ ಓದುವುದೇ. ಆಟ ತಯಾರಿಸುವ ಅನೇಕ ಎಂಜಿನ್‌ಗಳು ಬಹುಕಾಲ ಇಂಗ್ಲಿಷಿನಂತೆ ಅಕ್ಷರಗಳನ್ನು ಸಾಲಾಗಿ ಇಡುವುದನ್ನಷ್ಟೇ ಬಲ್ಲವಾಗಿದ್ದವು. ಅಂಥ ಕಡೆ ಕೊಟ್ಟೂರಿನ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ, ಕೂಡ್ಲಿಗಿ ಮುರಿಯುತ್ತದೆ, ಹರಪನಹಳ್ಳಿಯ ಬಾಲ ಉದುರುತ್ತದೆ. ಹಡಗಲಿಗೆ ಒತ್ತಿನ ಕಾಟವಿಲ್ಲ, ಗುಣಿತದ್ದು ಇದ್ದೇ ಇದೆ. ಮಾತುಗಳನ್ನೆಲ್ಲ ಚಿತ್ರ ಮಾಡಿ ಅಂಟಿಸಬೇಕಿತ್ತು, ಇಲ್ಲವೇ ಇಂಗ್ಲಿಷಿಗೆ ಶರಣಾಗಬೇಕಿತ್ತು. ಉಚಿತವಾಗಿ ಸಿಗುವ ಗೊಡೊ ಎಂಜಿನ್ನಿನ 4ನೇ ಆವೃತ್ತಿ 2023ರ ಮಾರ್ಚ್‌ನಲ್ಲಿ ಬಂದಾಗ ಭಾರತೀಯ ಲಿಪಿಗಳ ಒತ್ತು ಗುಣಿತಗಳನ್ನು ಜೋಡಿಸುವ ವ್ಯವಸ್ಥೆ ಅದರೊಳಗೇ ಸೇರಿತ್ತು. ಹಾಗಾಗಿ ಬಯಲಾಟದ ಪ್ರಸಂಗವನ್ನೋ, ಗುಡೇಕೋಟೆಯ ಪಾಳೆಯಗಾರರ ಕಥೆಯನ್ನೋ ಆಟವಾಗಿಸಲು ಹೊರಡುವವರು ಈಗ ಲಿಪಿಯ ಕೆಲಸಕ್ಕೆ ಬೇರೆ ಪ್ರೋಗ್ರಾಮರನ್ನು ಹುಡುಕಬೇಕಿಲ್ಲ. ಸಾರಥಿಯ ಪ್ರಶ್ನೆಗೆ ಆಟಗಾರ ಕೊಡಬಹುದಾದ ಉತ್ತರಗಳನ್ನೆಲ್ಲ ಬರೆಯಬಲ್ಲ ಕವಿಯೊಬ್ಬ ಬೇಕು.